ಹಕ್ಕಿಯ ಊರು ಯಾವುದು?

ಸವದತ್ತಿ ತಾಲ್ಲೂಕಿನ ಉಗರಗೋಳದ ಹೆಸರು ಬಂದೊಡನೆ ನೆನಪಾಗುವುದು ಎಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಇಲ್ಲಿ ಸೇರುವ ಜನಸಾಗರ, ಭಂಡಾರದ ಹಳದಿ, ಜೋಗುಳಭಾವಿಯ ಸ್ನಾನ, 'ಉಧೋ ಉಧೋ' ಎಂಬ ಘೋಷ ನಾಡಿಗೆಲ್ಲ ಪರಿಚಿತ. ಆದರೆ ಜಾತ್ರೆಯ ಗದ್ದಲ ಇಳಿದ ಮೇಲೆ ಗುಡ್ಡದ ಸುತ್ತಲಿನ ಮಡ್ಡಿಗೆ ಬೇರೆಯೇ ಒಂದು ಬದುಕಿದೆ. ಕಲ್ಲುಹಾಸು, ಜಾಲಿಯ ಪೊದೆ, ಅಲ್ಲೊಂದು ಇಲ್ಲೊಂದು ಬೇವು, ದೂರದಲ್ಲಿ ಮಲಪ್ರಭೆಯ ಹಿನ್ನೀರು. ಆ ನಿಶ್ಶಬ್ದದಲ್ಲಿ ಒಣಗಿದ ಟೊಂಗೆಯೊಂದರಿಂದ ಟಕಟಕನೆ ಸದ್ದು ಕೇಳಿಬರುತ್ತದೆ. ಕುರಿ ಕಾಯುವ ಹುಡುಗನಿಗೂ ಗೊತ್ತು, ಅದು ಮರಕುಟಿಗ.

ಆದರೆ ಯಾವ ಮರಕುಟಿಗ? ಈ ಒಣನಾಡಿನಲ್ಲಿ ನಿರೀಕ್ಷಿಸಬಹುದಾದ ಜಾತಿಗಳಲ್ಲಿ ಅದೂ ಒಂದಾಗಿದ್ದರೆ ಸುದ್ದಿಯೇನೂ ಇಲ್ಲ. ಹಾಗಲ್ಲದೆ ಖಾನಾಪುರದ, ದಾಂಡೇಲಿಯ ದಟ್ಟ ಕಾಡಿನಲ್ಲಿ ಇರಬೇಕಾದ ಹಕ್ಕಿ ಎಲ್ಲಮ್ಮನ ಗುಡ್ಡದ ಬೇವಿನ ಮೇಲೆ ಕಂಡಿತು ಎಂದು ಯಾರಾದರೂ ಹೇಳಿದರೆ? ನಂಬಬೇಕೇ, ಬಿಡಬೇಕೇ? ಅದನ್ನು ತೀರ್ಮಾನಿಸುವವರು ಯಾರು? ಹಕ್ಕಿಗೆ ಇಂಥದೇ ಊರು ಎಂದು ಗೆರೆ ಎಳೆದವರಾದರೂ ಯಾರು? ಸಣ್ಣದೆಂದು ಕಾಣುವ ಈ ಪ್ರಶ್ನೆಗಳ ಹಿಂದೆ ಇನ್ನೂರು ವರ್ಷಗಳ ಒಂದು ಚರಿತ್ರೆ ಇದೆ. ಅದರ ಕೆಲವು ಮುಖ್ಯ ಅಧ್ಯಾಯಗಳು ನಡೆದದ್ದು ಇದೇ ಕಿತ್ತೂರು, ಧಾರವಾಡ, ಬೆಳಗಾವಿಗಳ ಸೀಮೆಯಲ್ಲಿ.

ಎರಡು ನಾಡು, ಎರಡು ಬಳಗ

ಖಾನಾಪುರದಿಂದ ಉಗರಗೋಳಕ್ಕೆ ನೇರವಾಗಿ ಗೆರೆ ಎಳೆದರೆ ನೂರು ಕಿ.ಮೀ. ಕೂಡ ಆಗುವುದಿಲ್ಲ. ಅಷ್ಟರಲ್ಲೇ ನಾಡು ಪೂರ್ತಿ ಬದಲಾಗುತ್ತದೆ. ಖಾನಾಪುರದ ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆಕಾಡು. ಕಿತ್ತೂರು ಮಲೆನಾಡಿನ ಸೆರಗು. ಬೈಲಹೊಂಗಲಕ್ಕೆ ಬಂದರೆ ಎರೆಭೂಮಿಯ ಬೆಳವಲ. ಸವದತ್ತಿ, ರಾಮದುರ್ಗ ತಲುಪುವ ಹೊತ್ತಿಗೆ ಮರಳುಗಲ್ಲಿನ ಗುಡ್ಡಗಳು, ಕುರುಚಲು ಗಿಡ, ಜೋಳದ ಹೊಲ. ಮಳೆ ಪೂರ್ವಕ್ಕೆ ಸರಿದಂತೆ ಕಡಿಮೆಯಾಗುತ್ತದೆ; ಮರಗಳು ಗಿಡ್ಡವಾಗುತ್ತವೆ; ಮರವನ್ನೇ ನಂಬಿದ ಹಕ್ಕಿಗಳೂ ಬದಲಾಗುತ್ತವೆ.

ಸಹ್ಯಾದ್ರಿಯ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡದು ಬಿಳಿಹೊಟ್ಟೆಯ ಕರಿ ಮರಕುಟಿಗ. ಕಾಗೆಯನ್ನೂ ಮೀರಿಸುವ ಸುಮಾರು 48 ಸೆಂ.ಮೀ. ಉದ್ದದ ಈ ಹಕ್ಕಿಗೆ ದೊಡ್ಡ ಮರಗಳ ಹಳೆಯ ಕಾಡೇ ಬೇಕು. ರೆಕ್ಕೆಯ ಮೇಲೆ ಹೃದಯದ ಆಕಾರದ ಕಪ್ಪು ಚುಕ್ಕೆಗಳಿರುವ, ತಲೆಯ ಮೇಲೆ ಜುಟ್ಟಿರುವ ಪುಟ್ಟ ಮರಕುಟಿಗವೂ ಅಲ್ಲಿಯದೇ. ಮರದ ಮೇಲೆ ಗೂಡು ಕಟ್ಟುವ ಇರುವೆಗಳ ಆ ಗೂಡಿನೊಳಗೇ ತನ್ನ ಸಂಸಾರ ಹೂಡುವ ಕಂದು ಮರಕುಟಿಗವೂ ಕಾಡಿನ ಹಕ್ಕಿಯೇ.

ಒಣನಾಡಿನ ಬಳಗ ಬೇರೆ. ಊರ ತೋಪಿನಲ್ಲೂ ಧಾರಾಳವಾಗಿ ಕಾಣುವ ಹೊಂಬೆನ್ನಿನ ಮರಕುಟಿಗ, ಗುಬ್ಬಿಯಷ್ಟೇ ಗಾತ್ರದ ಕಂದು ನೆತ್ತಿಯ ಪುಟ್ಟ ಮರಕುಟಿಗ, ಜಾಲಿ ಮರಗಳನ್ನು ಮೆಚ್ಚುವ ಹಳದಿ ನೆತ್ತಿಯ ಮರಕುಟಿಗ, ಚದುರಿದಂತೆ ಅಲ್ಲಲ್ಲಿ ಮಾತ್ರ ಸಿಗುವ ಬಿಳಿ ಹೆಕ್ಕತ್ತಿನ ಮರಕುಟಿಗ ಇದರಲ್ಲಿ ಮುಖ್ಯವಾದವು. ಈ ಎರಡು ಬಳಗಗಳ ನಡುವಿನ ಗಡಿ ಬೆಳಗಾವಿ ಜಿಲ್ಲೆಯ ಮೈಮೇಲೆಯೇ ಹಾದುಹೋಗುತ್ತದೆ. ಆದುದರಿಂದಲೇ ಇಲ್ಲಿ ಹಕ್ಕಿಯನ್ನು ಗುರುತಿಸುವಾಗ ಎಡವುವುದು ಸುಲಭ.

ಹೊನ್ನಿನ ಬೆನ್ನು ನಾಲ್ಕಕ್ಕೆ

ಮುಖ್ಯ ತೊಡಕು ಇರುವುದು ಹೊಂಬೆನ್ನಿನ ಹಕ್ಕಿಗಳಲ್ಲಿ. ರೆಕ್ಕೆ, ಬೆನ್ನುಗಳಲ್ಲಿ ಹೊಳೆಯುವ ಹೊನ್ನಿನ ಬಣ್ಣ, ತಲೆಯ ಮೇಲೆ ಕೆಂಪು ಕಿರೀಟ ಇರುವ ಮರಕುಟಿಗ ಈ ಸೀಮೆಯ ಸುತ್ತಮುತ್ತ ಒಂದಲ್ಲ, ನಾಲ್ಕು. ಒಣನಾಡಿನ ಸಾಮಾನ್ಯ ಹೊಂಬೆನ್ನಿನ ಹಕ್ಕಿಗೆ ಬಾಲದ ಬುಡಕ್ಕೆ ತಾಗಿದ ಬೆನ್ನಿನ ಭಾಗ ಕಪ್ಪು. ಗಂಟಲಲ್ಲಿ ಕಪ್ಪಿನ ಮೇಲೆ ಬಿಳಿ ಚುಕ್ಕೆ. ಬಿಳಿ ಹೆಕ್ಕತ್ತಿನ ಹಕ್ಕಿಗೂ ಆ ಭಾಗ ಕಪ್ಪೇ. ಆದರೆ ಕತ್ತಿನ ಹಿಂಭಾಗದಿಂದ ಬೆನ್ನಿನವರೆಗೆ ಬಿಳಿಯ ಪಟ್ಟೆ ಇಳಿದಿರುತ್ತದೆ. ಅದರ ಹೆಣ್ಣಿನ ನೆತ್ತಿ ಹಳದಿ.

ಕಾಡಿನ ಇನ್ನೆರಡು ಹೊಂಬೆನ್ನಿನ ಹಕ್ಕಿಗಳಿಗೆ ಬಾಲದ ಬುಡದ ಮೇಲ್ಭಾಗ ಕಡುಗೆಂಪು. ಅವುಗಳಲ್ಲಿ ಒಂದಕ್ಕೆ ಕಾಲಿಗೆ ಮೂರೇ ಬೆರಳು. ಕೊಕ್ಕಿನ ಬುಡದಿಂದ ಇಳಿಯುವ ಮೀಸೆಯಂಥ ಕಪ್ಪು ಗೆರೆ ಒಂದೇ. ಇನ್ನೊಂದಕ್ಕೆ ನಾಲ್ಕು ಬೆರಳು; ಮೀಸೆಯ ಗೆರೆ ಎರಡಾಗಿ ಸೀಳಿ ನಡುವೆ ಬಿಳಿ ಉಳಿದಿರುತ್ತದೆ; ಕೊಕ್ಕು ಉದ್ದ.

ಇಷ್ಟೆಲ್ಲವನ್ನೂ ನೋಡಲು ಹಕ್ಕಿ ಕೊಡುವ ಸಮಯ ಕೆಲವೇ ಕ್ಷಣ. ಅದೂ ಕಾಂಡದ ಆ ಬದಿಗೆ ಸರಿದು ಮರೆಯಾಗುವುದು ಮರಕುಟಿಗದ ಹುಟ್ಟುಗುಣ. ಹಾಗಾಗಿ ಕೆಂಪು ನೆತ್ತಿ ಕಂಡಿತು, ಹೊನ್ನಿನ ಬೆನ್ನು ಕಂಡಿತು ಎಂದರೆ ಸಾಲದು. ಬಾಲದ ಬುಡ ಯಾವ ಬಣ್ಣ, ಮೀಸೆ ಎಷ್ಟು ಗೆರೆ, ಕತ್ತಿನ ಹಿಂಭಾಗ ಹೇಗಿತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಉಗರಗೋಳದಲ್ಲಿ ಕಂಡ ಹಕ್ಕಿಯ ಬಾಲದ ಬುಡ ಕೆಂಪಾಗಿತ್ತು ಎಂದು ಖಚಿತವಾದರೆ ಅದು ಕಾಡು ಬಿಟ್ಟು ಬಂದ ಹಕ್ಕಿ. ಖಚಿತವಾಗದಿದ್ದರೆ ಅದು ಕೇವಲ ಒಂದು ಮಾತು.

ಕಿತ್ತೂರಿನ ಸೆರೆಯಾಳು

ಇಂಥ ಹಕ್ಕಿ ಇಂಥ ಕಡೆ ಎಂದು ಬರೆದಿಡುವ ಕೆಲಸ ಈ ಸೀಮೆಯಲ್ಲಿ ಆರಂಭವಾದ ಬಗೆ ಸ್ವಾರಸ್ಯಕರ. 1801ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲೇಥಮ್ ಹಳದಿ ನೆತ್ತಿಯ ಮರಕುಟಿಗಕ್ಕೆ 'ಮಹ್ರಾಟೆನ್ಸಿಸ್' ಎಂಬ ಶಾಸ್ತ್ರೀಯ ಹೆಸರು ಕೊಟ್ಟ. ಮರಾಠರ ನಾಡಿನ ಹಕ್ಕಿ ಎಂದರ್ಥ. ಲೇಥಮ್ ಭಾರತಕ್ಕೆ ಬಂದವನಲ್ಲ. ಆಗಿನ್ನೂ ಸವದತ್ತಿ, ಧಾರವಾಡಗಳೂ ಮರಾಠರ ಆಳ್ವಿಕೆಯಲ್ಲಿದ್ದವು. 1818ರಲ್ಲಿ ಪೇಶ್ವೆಯ ರಾಜ್ಯ ಬಿದ್ದ ಮೇಲೆ ಕಂಪನಿ ಸರ್ಕಾರ ಈ ಕನ್ನಡ ನೆಲವನ್ನು 'ದಕ್ಷಿಣ ಮರಾಠಾ ಸೀಮೆ' ಎಂದೇ ಕರೆಯಿತು. ಹಕ್ಕಿಯ ಹೆಸರಿನಲ್ಲೂ ಆ ರಾಜಕೀಯ ಉಳಿದುಹೋಗಿದೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ ಸಂಗತಿ ಎಲ್ಲರಿಗೂ ತಿಳಿದದ್ದೇ. ಅಂದು ರಾಣಿ ಚನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳು ಸ್ಟೀವನ್‌ಸನ್ ಮತ್ತು ಎಲಿಯಟ್. ಈ ವಾಲ್ಟರ್ ಎಲಿಯಟ್‌ನಿಗೆ ಆಗ ಇಪ್ಪತ್ತೊಂದು ವರ್ಷ. ಬಿಡುಗಡೆಯಾದ ಮೇಲೆ ಆತ 1833ರವರೆಗೂ ಇದೇ ಸೀಮೆಯಲ್ಲಿ ಉಳಿದ. 500ಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿ ಕರ್ನಾಟಕದ ಇತಿಹಾಸ ಸಂಶೋಧನೆಗೆ ತಳಪಾಯ ಹಾಕಿದವರಲ್ಲಿ ಒಬ್ಬನಾದ. ಅದರ ಜೊತೆಗೆ ಪ್ರಾಣಿಪಕ್ಷಿಗಳನ್ನೂ ಸಂಗ್ರಹಿಸಿದ.

1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ಎಲಿಯಟ್ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಪಟ್ಟಿಯಲ್ಲಿ ಸ್ಥಳೀಯ ಭಾಷೆಗಳ ಹೆಸರುಗಳೂ ಇದ್ದವು. ಎಲಿಯಟ್ 'ಗುಲಂದಿ' ಎಂದು ಬರೆದುಕೊಂಡ ಕನ್ನಡದ ಹೆಸರೇ ಒಂದು ಪೊದೆ ಇಲಿಯ ಶಾಸ್ತ್ರೀಯ ನಾಮ 'ಗೊಲುಂಡಾ' ಆಯಿತು. ಅದರ ಎರಡನೆಯ ಪದ 'ಎಲಿಯಟಿ' ಅವನದೇ ಹೆಸರು. ಯಾರು ಹಿಡಿದುಕೊಟ್ಟರು, ಯಾರು ಹೆಸರು ಹೇಳಿದರು ಎಂಬುದು ದಾಖಲೆಯಲ್ಲಿ ಉಳಿಯಲಿಲ್ಲ. ಆದರೆ ಈ ನೆಲದ ಜನರ ತಿಳಿವಳಿಕೆಯೇ ಆ ಪಟ್ಟಿಯ ಬೇರು ಎಂಬುದಕ್ಕೆ ಆ ಹೆಸರೇ ಸಾಕ್ಷಿ.

ಎಲಿಯಟ್‌ನ ಟಿಪ್ಪಣಿಗಳ ನೆರವು ಪಡೆದ ಇನ್ನೊಬ್ಬ ಮದರಾಸು ಸೈನ್ಯದ ವೈದ್ಯ ಥಾಮಸ್ ಜರ್ಡನ್. ದಕ್ಷಿಣ ಭಾರತದ ಹಕ್ಕಿಗಳ ಪಟ್ಟಿಯನ್ನು ಆತ ಅದೇ ಪತ್ರಿಕೆಯಲ್ಲಿ ಕಂತುಕಂತಾಗಿ ಬರೆದ. ಸಹ್ಯಾದ್ರಿಯ ಕರಿ ಮರಕುಟಿಗಕ್ಕೆ ಹಾಗೂ ಹೃದಯದ ಚುಕ್ಕೆಯ ಮರಕುಟಿಗಕ್ಕೆ 1840ರಲ್ಲಿ ಹೆಸರಿಟ್ಟವನು ಅವನೇ. ಅನಂತರ 1881ರಲ್ಲಿ, ಬೆಳಗಾವಿಯ ದಂಡಿನಲ್ಲಿದ್ದ ಇ. ಎ. ಬಟ್ಲರ್ ಎಂಬ ಸೇನಾಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ. ಅದು ಅಚ್ಚಾದದ್ದು ಅಲನ್ ಆಕ್ಟೇವಿಯನ್ ಹ್ಯೂಮ್ ನಡೆಸುತ್ತಿದ್ದ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ. ಕಾಂಗ್ರೆಸ್ ಸಂಸ್ಥಾಪಕರಲ್ಲಿ ಒಬ್ಬನೆಂದು ನಾವು ಪಾಠದಲ್ಲಿ ಓದುವ ಹ್ಯೂಮ್ ಇವನೇ. 1885ರಲ್ಲಿ ಆತ ಅರವತ್ತು ಸಾವಿರಕ್ಕೂ ಮಿಕ್ಕಿದ ಹಕ್ಕಿಗಳ ಚರ್ಮದ ಸಂಗ್ರಹವನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟ.

ಆ ಕಾಲದ ನಿಯಮ ಸರಳ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಊರಿನ ಹೆಸರು, ತಾರೀಖು ಬರೆದ ಚೀಟಿ ಕಟ್ಟಿದರೆ ಅದೇ ಪುರಾವೆ. ಸಾವಿರಾರು ಚೀಟಿಗಳ ಮೇಲಿನ ಊರುಗಳನ್ನು ಭೂಪಟದ ಮೇಲೆ ಗುರುತು ಹಾಕಿ ಸೇರಿಸಿದಾಗ ಹಕ್ಕಿಯ ನೆಲೆ ಮೂಡುತ್ತದೆ. ಅಂದರೆ ಪುಸ್ತಕದಲ್ಲಿ ಕಾಣುವ ಗಡಿ ಹಕ್ಕಿ ಹಾಕಿಕೊಂಡದ್ದಲ್ಲ. ನೋಡಿದವರು ಎಲ್ಲಿಯವರೆಗೆ ಹೋಗಿದ್ದರು ಎಂಬುದರ ಗುರುತೂ ಅದರಲ್ಲಿ ಬೆರೆತಿದೆ.

ನೋಡದೆ ಬಿಟ್ಟ ನಾಡೂ ಉಂಟು. ಇಪ್ಪತ್ತನೆಯ ಶತಮಾನದಲ್ಲಿ ಸಲೀಂ ಅಲಿ ಅವರು ಸಂಸ್ಥಾನಗಳ ನೆರವಿನಿಂದ ಪಕ್ಷಿ ಸಮೀಕ್ಷೆಗಳನ್ನು ನಡೆಸಿದರು. 1930ರ ದಶಕದ ಆರಂಭದಲ್ಲಿ ಹೈದರಾಬಾದು, 1939-40ರಲ್ಲಿ ಮೈಸೂರು. ಇವೆರಡರ ನಡುವೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸವದತ್ತಿ, ಬೈಲಹೊಂಗಲಗಳ ಬಯಲು ಎರಡಕ್ಕೂ ಹೊರಗೆ ಉಳಿಯಿತು.

ಸುಳ್ಳು ಚೀಟಿಯ ಕಥೆ

ಚೀಟಿಯ ಮೇಲಿನ ಊರು ಯಾವಾಗಲೂ ನಿಜವೇ? ಬಿಳಿ ಹೆಕ್ಕತ್ತಿನ ಮರಕುಟಿಗದ ಕಥೆಯನ್ನೇ ನೋಡಬಹುದು. ಫ್ರಾನ್ಸಿನ ಬುಫಾನ್ 1780ರಲ್ಲಿ ಈ ಹಕ್ಕಿಯನ್ನು ವರ್ಣಿಸಿದ್ದು ಗೋವಾದಿಂದ ಬಂದ ಮಾದರಿಯಿಂದ. ಆ ಚಿತ್ರವನ್ನು ಆಧರಿಸಿ 1783ರಲ್ಲಿ ಬೊಡಾರ್ಟ್ ಅದಕ್ಕೆ 'ಫೆಸ್ಟಿವಸ್' ಎಂಬ ಹೆಸರು ಕೊಟ್ಟ. ಆದರೆ ಈ ಹಕ್ಕಿ ಒಲಿದದ್ದು ಒಣ ಎಲೆಯುದುರುವ ಕಾಡಿಗೆ, ಕುರುಚಲು ಬಯಲಿಗೆ; ಮಳೆ ಸುರಿಯುವ ಕರಾವಳಿಗಲ್ಲ. ಗೋವಾ ಆಗ ದೊಡ್ಡ ಬಂದರು. ಹಕ್ಕಿ ಹಾರುತ್ತಿದ್ದ ಊರು ಮತ್ತು ಅದು ಹಡಗು ಹತ್ತಿದ ಊರು ಒಂದೇ ಆಗಿರಬೇಕೆಂದೇನೂ ಇಲ್ಲ. ಶಾಸನದ ಕಲ್ಲು ಮೂಲಸ್ಥಾನದಿಂದ ಕದಲಿದರೆ ಅದನ್ನು ಓದುವವರಿಗೆ ಎದುರಾಗುವ ಸಮಸ್ಯೆಯೇ ಇಲ್ಲಿಯೂ ಇದೆ.

ಇದು ಹೆಚ್ಚೆಂದರೆ ಅಜಾಗರೂಕತೆ. ಉದ್ದೇಶಪೂರ್ವಕವಾಗಿ ಬರೆದ ಸುಳ್ಳು ಚೀಟಿ ಎಷ್ಟು ಅನರ್ಥ ಮಾಡಬಲ್ಲದು ಎಂಬುದಕ್ಕೆ ಕಾಡು ಹಾಲಕ್ಕಿಯ, ಅಂದರೆ ಒಂದು ಸಣ್ಣ ಗೂಬೆಯ ಉದಾಹರಣೆ ಇದೆ. ಮಧ್ಯ ಭಾರತದ ಈ ಗೂಬೆಯ ಕೆಲವೇ ಮಾದರಿಗಳು 1872 ಮತ್ತು 1884ರ ನಡುವೆ ಸಂಗ್ರಹವಾಗಿದ್ದವು. ಅವುಗಳಲ್ಲಿ ಹಲವನ್ನು ಖಾನದೇಶದಲ್ಲಿ ಸಂಗ್ರಹಿಸಿದವನು ಜೇಮ್ಸ್ ಡೇವಿಡ್‌ಸನ್. ಮುಂದೆ ಕಾರವಾರದಲ್ಲಿ ಕಲೆಕ್ಟರ್ ಆಗಿ ಉತ್ತರ ಕನ್ನಡದ ಹಕ್ಕಿಗಳ ಬಗ್ಗೆಯೂ ಬರೆದವನು. ಆ ಮೇಲೆ ಗೂಬೆ ಯಾರಿಗೂ ಕಾಣಲಿಲ್ಲ. ಆದರೆ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಖ್ಯಾತ ಸೇನಾಧಿಕಾರಿಯ ಸಂಗ್ರಹದಲ್ಲಿ ಮಾತ್ರ ಒಂದು ಮಾದರಿಯಿತ್ತು. ಚೀಟಿಯ ಮೇಲೆ ಗುಜರಾತಿನ ಮಾಂಡವಿ, 1914 ಎಂದಿತ್ತು. ಅಷ್ಟು ದೊಡ್ಡ ಮನುಷ್ಯನ ಮಾತನ್ನು ಯಾರೂ ಪ್ರಶ್ನಿಸಲಿಲ್ಲ.

ಅಮೆರಿಕದ ಪಕ್ಷಿವಿಜ್ಞಾನಿ ಪಮೆಲಾ ರಾಸ್ಮುಸೆನ್ ಮತ್ತು ಅವರ ಸಹೋದ್ಯೋಗಿಗಳು ಆ ಚರ್ಮವನ್ನು ಎಕ್ಸ್‌ರೇಗೆ ಒಡ್ಡಿ, ಅದನ್ನು ಸಿದ್ಧಪಡಿಸಿದ ಬಗೆಯನ್ನು ಡೇವಿಡ್‌ಸನ್ನನ ಮಾದರಿಗಳೊಂದಿಗೆ ಹೋಲಿಸಿದಾಗ ಸತ್ಯ ಹೊರಬಂತು. ಅದು ಮ್ಯೂಸಿಯಮ್ಮಿನಿಂದ ಕದ್ದು, ಹತ್ತಿ ಬದಲಿಸಿ, ಹೊಸ ಚೀಟಿ ಕಟ್ಟಿದ ಡೇವಿಡ್‌ಸನ್ನನ ಹಕ್ಕಿಯೇ ಆಗಿತ್ತು. 1914ರ ಸುಳ್ಳನ್ನು ಪಕ್ಕಕ್ಕಿಟ್ಟು ಹಳೆಯ ನಿಜವಾದ ಚೀಟಿಗಳು ಹೇಳಿದ ಜಾಗಗಳಲ್ಲಿ ಹುಡುಕಿದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಹಾಡಹಗಲೇ ಮರದ ಮೇಲೆ ಕುಳಿತಿದ್ದ ಗೂಬೆ ಸಿಕ್ಕಿತು. 113 ವರ್ಷಗಳ ನಂತರ! ತಪ್ಪು ದಾಖಲೆಯೊಂದು ಬದುಕಿರುವ ಹಕ್ಕಿಯನ್ನೇ ಕಣ್ಮರೆ ಮಾಡಬಲ್ಲದು ಎಂಬುದೇ ಇದರ ಪಾಠ.

ಪ್ರಾಮಾಣಿಕರೂ ಎಡವಬಹುದು. ಅಮೆರಿಕದ ದಂತಕೊಕ್ಕಿನ ಮರಕುಟಿಗ ನಶಿಸಿತೆಂದು ಬಹುಮಂದಿ ನಂಬಿದ್ದರು. 2005ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ತಜ್ಞರು, ಆರ್ಕನ್ಸಾದ ಜೌಗುಕಾಡಿನಲ್ಲಿ ಅದು ಮರಳಿ ಸಿಕ್ಕಿದೆ ಎಂದು ಘೋಷಿಸಿದರು. ಪುರಾವೆ ಕೆಲವೇ ಸೆಕೆಂಡುಗಳ ಮಸುಕು ವಿಡಿಯೊ. ಮರುವರ್ಷವೇ ಡೇವಿಡ್ ಸಿಬ್ಲಿ ಮೊದಲಾದವರು, ಅದರಲ್ಲಿ ಕಂಡದ್ದು ಅಲ್ಲಿ ಸಾಮಾನ್ಯವಾದ ಇನ್ನೊಂದು ದೊಡ್ಡ ಮರಕುಟಿಗವೇ ಎಂದು ವಾದಿಸಿದರು. ಇಡೀ ವಿವಾದ ನಿಂತದ್ದು ರೆಕ್ಕೆಯ ಬಿಳಿ ಭಾಗ ಮುಂದಿದೆಯೇ, ಹಿಂದಿದೆಯೇ ಎಂಬ ಒಂದೇ ಅಂಶದ ಮೇಲೆ. 2023ರಲ್ಲಿ ಅಮೆರಿಕ ಸರ್ಕಾರ 21 ಜೀವಿಗಳು ನಶಿಸಿವೆ ಎಂದು ಅಪಾಯದಂಚಿನ ಪಟ್ಟಿಯಿಂದ ತೆಗೆದಾಗಲೂ ಈ ಹಕ್ಕಿಯ ತೀರ್ಮಾನವನ್ನು ಮಾತ್ರ ಬಾಕಿ ಇರಿಸಿತು.

ಮರ ಕುಟ್ಟದ ಮರಕುಟಿಗ

ಉಗರಗೋಳದಂಥ ಕಡೆ ಚಳಿಗಾಲದಲ್ಲಿ ನೋಡುವವರನ್ನು ಪೇಚಿಗೆ ಸಿಲುಕಿಸಬಲ್ಲ ಮತ್ತೊಂದು ಹಕ್ಕಿಯಿದೆ. ಸುಮಾರು 16 ಸೆಂ.ಮೀ. ಉದ್ದ, ಒಣ ತೊಗಟೆಯಂಥ ಬೂದು-ಕಂದು ಬಣ್ಣ, ಬೆನ್ನ ಮೇಲೆ ಕಪ್ಪು ಗೆರೆ. ಕೆಂಪಿಲ್ಲ, ಹೊನ್ನಿಲ್ಲ. ಮರ ಕುಟ್ಟುವುದೂ ಇಲ್ಲ. ನೆಲಕ್ಕಿಳಿದು ಇರುವೆ ಹೆಕ್ಕುತ್ತದೆ. ಕೈಗೆ ಸಿಕ್ಕರೆ ಹಾವಿನಂತೆ ಕತ್ತು ತಿರುಚುತ್ತದೆ. ಅದರ ಇಂಗ್ಲಿಷ್ ಹೆಸರು 'ರೈನೆಕ್' ಎಂಬುದರ ಅರ್ಥವೂ ಅದೇ. ಆದರೂ ಇದು ಮರಕುಟಿಗದ ಕುಟುಂಬದ್ದೇ. ಅದರಂತೆಯೇ ಅಂಟುಳ್ಳ ಉದ್ದ ನಾಲಿಗೆ, ಎರಡು ಬೆರಳು ಮುಂದಕ್ಕೂ ಎರಡು ಹಿಂದಕ್ಕೂ ಇರುವ ಕಾಲು. ಯುರೋಪಿನಿಂದ ಜಪಾನಿನವರೆಗೆ, ನಮ್ಮಲ್ಲಿ ಕಾಶ್ಮೀರದಲ್ಲೂ ಮರಿ ಮಾಡುವ ಈ ಹಕ್ಕಿ ಚಳಿಗಾಲಕ್ಕೆ ದಖ್ಖನ್ನಿನ ಬಯಲಿಗೆ ಇಳಿಯುತ್ತದೆ.

ಕತ್ತು ತಿರುಚುವ ಈ ಹಕ್ಕಿಯನ್ನು ಮಡ್ಡಿಯಲ್ಲಿ ಕಂಡವರು ದಾರಿ ತಪ್ಪಿದ ಯಾವುದೋ ವಿಚಿತ್ರ ಹಕ್ಕಿ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಅದು ತನ್ನ ನೆಲೆಯಲ್ಲೇ ಇರುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಅಪರೂಪ, ಅಷ್ಟೆ. ಹಕ್ಕಿ ಅಪರೂಪವೋ, ನೋಡುವವರು ಅಪರೂಪವೋ ಎಂಬ ಪ್ರಶ್ನೆಯನ್ನು ಪ್ರತಿ ಬಾರಿಯೂ ಕೇಳಿಕೊಳ್ಳಬೇಕು.

ಪಾಳು ಎನಿಸಿಕೊಂಡ ನೆಲ

ಈಗ ಹಕ್ಕಿಯನ್ನು ಹೊಡೆದು ತೋರಿಸಬೇಕಾಗಿಲ್ಲ. ಕಾನೂನು ಅದಕ್ಕೆ ಅವಕಾಶವನ್ನೂ ಕೊಡುವುದಿಲ್ಲ. ಮೊಬೈಲಿನ ಕ್ಯಾಮೆರಾ ಇದೆ, ಧ್ವನಿ ಹಿಡಿದಿಡುವ ಸೌಲಭ್ಯವೂ ಇದೆ. ಪ್ರತಿ ಜಾತಿಯ ಕೂಗು ಬೇರೆ ಬೇರೆ ಇರುವುದರಿಂದ ಧ್ವನಿಯೂ ಒಳ್ಳೆಯ ಪುರಾವೆ. ಚಿತ್ರ ಸಿಗದಿದ್ದರೆ ಕಂಡ ದಿನ, ಹೊತ್ತು, ಮರ, ಬಾಲದ ಬುಡದ ಬಣ್ಣ, ಮೀಸೆಯ ಗೆರೆಗಳನ್ನು ಅಲ್ಲಿಯೇ ಬರೆದಿಟ್ಟುಕೊಂಡರೂ ಆಯಿತು. ಮನೆಗೆ ಬಂದು ಪುಸ್ತಕ ನೋಡಿದ ಮೇಲೆ ಬರೆದರೆ ಕಂಡದ್ದಕ್ಕಿಂತ ಓದಿದ್ದೇ ಹೆಚ್ಚು ಸೇರಿಕೊಳ್ಳುತ್ತದೆ. ಕಾಣದ ಅಂಶವನ್ನು ಕಾಣಲಿಲ್ಲ ಎಂದೇ ಬರೆಯುವುದು ಕಂಡದ್ದನ್ನು ಬರೆಯುವಷ್ಟೇ ಮುಖ್ಯ.

ಇದರಿಂದ ಯಾರಿಗೇನು ಲಾಭ ಎಂದು ಕೇಳಬಹುದು. ಸವದತ್ತಿ, ರಾಮದುರ್ಗದ ಮಡ್ಡಿಯಂಥ ನೆಲವನ್ನು ಬಂಜರು, ಪಾಳು ಎಂದು ಕರೆಯುವ ರೂಢಿ ಹಳೆಯದು. ಅಲ್ಲಿ ಏನೂ ಇಲ್ಲ ಎಂಬ ನಂಬಿಕೆಯ ಮೇಲೆಯೇ ಅದನ್ನು ಅಗೆಯುವ, ಬಳಸುವ ತೀರ್ಮಾನಗಳಾಗುತ್ತವೆ. ಒಣ ಟೊಂಗೆಯಿರುವ ಹಳೆಯ ಬೇವನ್ನು ಕಡಿದರೆ ಪುಟ್ಟ ಮರಕುಟಿಗಕ್ಕೆ ಗೂಡು ಕೊರೆಯಲು ಜಾಗವಿಲ್ಲ. ಅದು ಕೊರೆದು ಬಿಟ್ಟುಹೋದ ಪೊಟರೆಯನ್ನು ನೆಚ್ಚಿದ ಬೇರೆ ಹಕ್ಕಿಗಳಿಗೂ ನೆಲೆಯಿಲ್ಲ. ಏನಿತ್ತು ಎಂಬುದು ದಾಖಲಾಗದಿದ್ದರೆ ಏನು ಹೋಯಿತು ಎಂಬುದೂ ಗೊತ್ತಾಗುವುದಿಲ್ಲ.

ಸುಗಂಧವರ್ತಿ ಎಂಬ ಹೆಸರಿನ ಸವದತ್ತಿ ಒಂದು ಕಾಲಕ್ಕೆ ರಟ್ಟರ ರಾಜಧಾನಿಯಾಗಿತ್ತು ಎಂಬುದು ಇಂದು ತಿಳಿದಿರುವುದು ಯಾರೋ ಕಲ್ಲಿನ ಮೇಲೆ ಬರೆಸಿದ್ದರಿಂದ, ಮತ್ತೆ ಯಾರೋ ಅದನ್ನು ತಪ್ಪಿಲ್ಲದೆ ಓದಿದ್ದರಿಂದ. ಎಲ್ಲಮ್ಮನ ಗುಡ್ಡದ ಸುತ್ತಲಿನ ಹಕ್ಕಿಗಳಿಗೂ ಬೇಕಾದದ್ದು ಅಷ್ಟೇ. ಅದನ್ನು ಬರೆಯಲು ದೂರದ ದಂಡಿನ ಸಾಹೇಬರು ಬರಬೇಕಾಗಿಲ್ಲ. ಗುಡ್ಡದ ಕೆಳಗಿನ ಶಾಲೆಯ ಮಕ್ಕಳು ದಿನಾಲೂ ಅದೇ ಬೇವಿನ ಕೆಳಗೆ ಹಾದುಹೋಗುತ್ತಾರೆ.